ಮಧ್ಯಾಹ್ನ ಆದ್ರೆ ಸಾಕು ಸೋಲಾರ್ ಇನ್ವರ್ಟರ್ ಟ್ರಿಪ್ ಆಗ್ತೈತಾ? ಡಬ್ಬ ಬದಲಾಯಿಸೋಕೆ ಮುಂಚೆ ವೋಲ್ಟೇಜ್ ಅಳೀರಿ

ತಾರಸಿ ಮೇಲಿನ ಪ್ಯಾನೆಲ್ ಕರೆಂಟನ್ನ ಮನೆ ಕರೆಂಟಾಗಿ ಮಾಡಿ, ಮಿಕ್ಕಿದ್ದನ್ನ ಬೀದಿ ಲೈನಿಗೆ ಕಳಿಸೋ ಡಬ್ಬನೇ ಈ ಇನ್ವರ್ಟರ್. ಬೆಳಿಗ್ಗೆ ಚೆನ್ನಾಗಿ ಓಡ್ತಿರ್ತೈತೆ, ಹನ್ನೊಂದು ಗಂಟೆವರೆಗೂ ಯಾವ ತಕರಾರೂ ಇಲ್ಲ, ಬಿಸಿಲು ನೆತ್ತಿಗೆ ಬಂತು ಅನ್ನೋಷ್ಟರಲ್ಲಿ ಇನ್ವರ್ಟರ್ ಕೆಂಪು ದೀಪ ಹಾಕ್ಕೊಂಡು ನಿಂತುಬಿಡ್ತೈತೆ. ಎರಡು ನಿಮಿಷ ಬಿಟ್ಟು ತಾನೇ ಶುರು ಆಗ್ತೈತೆ, ಐದು ನಿಮಿಷ ಓಡ್ತೈತೆ, ಮತ್ತೆ ನಿಲ್ತೈತೆ. ಮೂರು ಗಂಟೆ ದಾಟಿದ್ರೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಸಂಜೆವರೆಗೂ ಓಡ್ತೈತೆ. ನಾನು ಹೊಸದುರ್ಗದ ಕಡೆ ವೈರಿಂಗ್ ಕೆಲಸ ಮಾಡೋನು, ಈ ಕಾಯಿಲೆ ಇರೋ ಮನೆ ಈಗೀಗ ಬಹಳ ಸಿಗ್ತಾವೆ, ಹಿರಿಯೂರು ಕಡೆನೂ ಅದೇ, ಜಗಳೂರು ಕಡೆನೂ ಅದೇ. ಎಷ್ಟೋ ಕಡೆ ಜನ ಇನ್ವರ್ಟರ್ರೇ ಕೆಟ್ಟೈತೆ ಅಂತ ವಾಪಸ್ ಕಳಿಸಿ, ಹೊಸದು ತರಿಸಿ, ಹೊಸದೂ ಅದೇ ಟೈಮಿಗೆ ನಿಂತಾಗ ತಲೆ ಮೇಲೆ ಕೈ ಹೊತ್ತು ಕೂತಿದ್ರು.

ಡಬ್ಬ ಕೆಟ್ಟಿರಲ್ಲ. ಅದು ತನಗೆ ಹೇಳಿದ ಕೆಲಸನೇ ಮಾಡ್ತಿರ್ತೈತೆ. ಕರೆಂಟು ಮನೆಯಿಂದ ಬೀದಿಗೆ ಹೋಗೋ ದಾರಿ ಇಕ್ಕಟ್ಟಾಗೈತೆ ಅಷ್ಟೇ, ಆ ದಾರಿಲಿ ಎಲ್ಲಿ ಇಕ್ಕಟ್ಟು ಅಂತ ಹುಡುಕೋದೇ ಈ ಬರಹ. ಅಳೆಯೋಕೆ ಒಂದು ಮಲ್ಟಿಮೀಟರ್, ಒಂದು ನೋಟ್‌ಬುಕ್ಕು, ಒಂದು ವಾರದ ತಾಳ್ಮೆ ಬೇಕು.

ನನ್ನ ಸೋದರಮಾವನ ಮನೆ ಉದಾಹರಣೆ ಇಟ್ಕೊಂಡೇ ಹೇಳ್ತೀನಿ. ಹೊಸದುರ್ಗ ತಾಲೂಕಿನ ಒಂದು ಹಳ್ಳಿ, ತಾರಸಿ ಮೇಲೆ ನಿಂತ್ರೆ ಗುಡ್ಡದ ಸಾಲಲ್ಲಿ ಗಾಳಿ ಗಿರಣಿ ರೆಕ್ಕೆ ತಿರುಗೋದು ಕಾಣ್ತೈತೆ. 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂತಲ್ಲ, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ, ಅದರಲ್ಲಿ ಹಾಕಿಸಿದ್ರು. 540 ವ್ಯಾಟಿನ 6 ಪ್ಯಾನೆಲ್, 3 ಕಿಲೋವ್ಯಾಟಿನ ಸಿಂಗಲ್ ಫೇಸ್ ಇನ್ವರ್ಟರ್, ನೆಟ್ ಮೀಟರ್ (ಬೀದಿಗೆ ಕಳಿಸಿದ್ದು, ಬೀದಿಯಿಂದ ತಗೊಂಡಿದ್ದು ಎರಡನ್ನೂ ಎಣಿಸೋದು). ಮಾಘ ಮಾಸದ ಬಿಸಿಲಿಗೆ ದಿನಕ್ಕೆ ಹನ್ನೆರಡು ಹದಿಮೂರು ಯೂನಿಟ್ ಬರಬೇಕು, ಏಳೆಂಟು ಬರ್ತಿತ್ತು. ಮಾವ ಫೋನ್ ಮಾಡಿ "ನೋಡಪ್ಪ ಅಳಿಯ, ಬಿಸಿಲು ಕಡಿಮೆ ಇದ್ದಾಗ ದುಡೀತೈತೆ, ಬಿಸಿಲು ಜೋರಾದ್ರೆ ಮಲಗ್ತೈತೆ, ಇದು ಯಾವ ಸೀಮೆ ಯಂತ್ರ ಬಂದು ನೋಡು" ಅಂದ್ರು. ಆ ಒಂದು ಮಾತಲ್ಲೇ ಅರ್ಧ ಉತ್ತರ ಇತ್ತು.

ಮೊದಲು ಗ್ರಾಫ್ ನೋಡ್ರಿ, ಆಮೇಲೆ ಸ್ಕ್ರೂಡ್ರೈವರ್

ಇನ್ವರ್ಟರ್ ಆಪ್‌ನಲ್ಲಿ ದಿನದ ಗ್ರಾಫ್ ಬರ್ತೈತಲ್ಲ, ಅದರ ಆಕಾರ ನೋಡಿದ್ರೆ ಮುಕ್ಕಾಲು ಪಾಲು ಕಾಯಿಲೆ ಗೊತ್ತಾಗ್ತೈತೆ. ಪ್ಯಾನೆಲ್ ಮೇಲೆ ಧೂಳು ಕೂತಿದ್ರೆ ಗುಡ್ಡದ ಆಕಾರ ಹಂಗೇ ಇರ್ತೈತೆ, ಎತ್ತರ ಮಾತ್ರ ಕಮ್ಮಿ. ಪಕ್ಕದ ತೆಂಗಿನ ಮರದ ನೆರಳು ಬೀಳ್ತಿದ್ರೆ ದಿನಾ ಒಂದೇ ಟೈಮಿಗೆ ಒಂದು ಕಡೆ ಗುಂಡಿ ಬಿದ್ದಂಗೆ ಕಾಣ್ತೈತೆ. ಇನ್ವರ್ಟರ್ ಕಾದು ಬಿಸಿಯಾಗಿ ತಾನೇ ಪವರ್ ಇಳಿಸ್ಕೊಂಡ್ರೆ ಮೇಲ್ಭಾಗ ಚಪ್ಪಟೆ ಆಗ್ತೈತೆ, ಆದ್ರೆ ಸೊನ್ನೆಗೆ ಬರಲ್ಲ. ನಮ್ಮ ಕಾಯಿಲೆಲಿ ಗ್ರಾಫು ಬಾಚಣಿಗೆ ಹಲ್ಲು ಇದ್ದಂಗೆ ಇರ್ತೈತೆ, ಮೇಲೆ ಕೆಳಗೆ ಮೇಲೆ ಕೆಳಗೆ, ಸೊನ್ನೆ ಮುಟ್ಟಿ ಮತ್ತೆ ಏರೋದು, ಅದೂ ಮಧ್ಯಾಹ್ನದಲ್ಲಿ ಮಾತ್ರ.

ಜೊತೆಗೆ ಎರರ್ ಹಿಸ್ಟರಿ ತೆಗೀರಿ. ಗ್ರಿಡ್ ಓವರ್ ವೋಲ್ಟೇಜ್, ಅಂದ್ರೆ ಬೀದಿ ಲೈನಲ್ಲಿ ವೋಲ್ಟೇಜ್ ಜಾಸ್ತಿ, ಅಂತ ಇದ್ರೆ ಮುಂದಕ್ಕೆ ಓದ್ರಿ. ಇನ್ಸುಲೇಷನ್ ಎರರ್ ಅಂತ ಇದ್ದು, ಅದೂ ಇಬ್ಬನಿ ಬಿದ್ದ ಬೆಳಿಗ್ಗೆನೋ ಮಳೆ ಬಂದ ಮೇಲೋ ಬರ್ತಿದ್ರೆ ಅದು ತಾರಸಿ ಮೇಲಿನ ಡಿಸಿ ವೈರ್ (ಪ್ಯಾನೆಲ್ಲಿಂದ ಇನ್ವರ್ಟರಿಗೆ ಬರೋದು ಡಿಸಿ, ಅಲ್ಲಿಂದ ಆಚೆ ಮನೆ ಕರೆಂಟು ಏಸಿ) ಎಲ್ಲೋ ಸಿಪ್ಪೆ ಕಿತ್ತು ನೀರು ತಾಗ್ತೈತೆ ಅಂತ, ಆ ದಾರಿನೇ ಬೇರೆ. ನೋ ಗ್ರಿಡ್ ಅಂತ ಇದ್ರೆ ಕರೆಂಟೇ ಹೋಗೈತೆ, ಅದು ದೋಷ ಅಲ್ಲ.

ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ಬೇಕು ಯಾಕಂದ್ರೆ ದಿನಾ ಯಾರಾದ್ರೂ ಒಬ್ಬರು ಕೇಳ್ತಾರೆ, ಮನೆ ಮೇಲೆ ಇಷ್ಟು ಸೋಲಾರ್ ಐತೆ ಕರೆಂಟ್ ಹೋದ್ರೆ ನಮ್ಮನೆನೂ ಕತ್ತಲು ಯಾಕೆ ಅಂತ. ಗ್ರಿಡ್‌ಗೆ ಕಟ್ಟಿದ ಇನ್ವರ್ಟರ್ ಬೀದಿ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲಲೇಬೇಕು, ಅದಕ್ಕೆ ಎರಡು ಸೆಕೆಂಡ್ ಮಾತ್ರ ಟೈಮು. ನಿಲ್ಲದೇ ಹೋದ್ರೆ, ಕರೆಂಟ್ ಆಫ್ ಐತೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್ ಕೈಗೆ ನಿಮ್ಮ ಮನೆ ಕರೆಂಟು ಹೊಡೀತೈತೆ. ಯಾರಾದ್ರೂ ಈ ರಕ್ಷಣೆ ತೆಗೆದು ಕೊಡ್ತೀನಿ ಅಂದ್ರೆ ಅವರನ್ನ ಮನೆ ಒಳಗೇ ಬಿಟ್ಕೋಬೇಡ್ರಿ.

ಅಳೆಯೋ ಕ್ರಮ

ಮುಟ್ಟೋಕೆ ಮುಂಚೆ ಒಂದು ವಿಷಯ. ಬಿಸಿಲು ಇರೋವರೆಗೂ ಪ್ಯಾನೆಲ್ ಆಫ್ ಆಗಲ್ಲ. 6 ಪ್ಯಾನೆಲ್ ಸಾಲಾಗಿ ಕಟ್ಟಿದ್ರೆ ಡಿಸಿ ಕಡೆ 290, 300 ವೋಲ್ಟ್ ನಿಂತೇ ಇರ್ತೈತೆ, ಡಿಸಿ ಕಿಡಿ ಹತ್ತಿದ್ರೆ ಏಸಿ ಥರ ತಾನೇ ಆರಲ್ಲ. ಅದಕ್ಕೆ ಆಫ್ ಮಾಡುವಾಗ ಮೊದಲು ಏಸಿ ಕಡೆ ಸ್ವಿಚ್ಚು, ಅಂದ್ರೆ ಎಂಸಿಬಿ, ಇಳಿಸ್ರಿ, ಆಮೇಲೆ ಡಿಸಿ ಕಡೆ ಸ್ವಿಚ್ಚು, ಅಂದ್ರೆ ಐಸೊಲೇಟರ್, ತಿರುಗಿಸ್ರಿ, ಐದು ನಿಮಿಷ ಬಿಡ್ರಿ. ಓಡ್ತಿರೋವಾಗ ಪ್ಯಾನೆಲ್ ಕನೆಕ್ಟರ್ ಯಾವ ಕಾರಣಕ್ಕೂ ಎಳೀಬೇಡ್ರಿ. ಈ ಅಳತೆಗೆ ಡಿಸಿ ಕಡೆ ಹೋಗೋ ಅವಶ್ಯಕತೆನೇ ಇಲ್ಲ. ಏಸಿ ಕಡೆ ಅಳೆಯೋದೂ ಅಭ್ಯಾಸ ಇಲ್ಲದೋರು ಮಾಡಬಾರದು, ಗೊತ್ತಿರೋ ಎಲೆಕ್ಟ್ರಿಷಿಯನ್ ಕರೀರಿ, ನೀವು ಪಕ್ಕ ನಿಂತು ಬರ್ಕೊಳ್ರಿ.

ಮಧ್ಯಾಹ್ನ 12 ಗಂಟೆ, ಮೋಡ ಇಲ್ಲದ ದಿನ. ಇನ್ವರ್ಟರ್ ಆಫ್ ಇಟ್ಟು ಮೀಟರ್ ಹತ್ರ ವೋಲ್ಟೇಜ್ ನೋಡ್ರಿ, ಇದು ಬೀದಿ ಕೊಡ್ತಿರೋ ವೋಲ್ಟೇಜು. ಆಮೇಲೆ ಇನ್ವರ್ಟರ್ ಆನ್ ಮಾಡಿ, ಪೂರ್ತಿ ಪವರ್‌ಗೆ ಏರೋಕೆ ಬಿಟ್ಟು, ಟ್ರಿಪ್ ಆಗೋಕೆ ಮುಂಚಿನ ಆ ಎರಡು ಮೂರು ನಿಮಿಷದಲ್ಲಿ ಎರಡು ಕಡೆ ನೋಡ್ಬೇಕು: ಇನ್ವರ್ಟರ್‌ನ ಏಸಿ ಟರ್ಮಿನಲ್ ಹತ್ರ ಎಷ್ಟು, ಮೀಟರ್ ಹತ್ರ ಎಷ್ಟು. ಒಬ್ಬರು ಅಲ್ಲಿ ಒಬ್ಬರು ಇಲ್ಲಿ ನಿಂತು ಒಂದೇ ಟೈಮಿಗೆ ಓದಿದ್ರೆ ಒಳ್ಳೇದು.

ಮಾವನ ಮನೇಲಿ ಇನ್ವರ್ಟರ್ ಆಫ್ ಇದ್ದಾಗ ಮೀಟರ್ ಹತ್ರ 244. ಆನ್ ಆಗಿ 2.9 ಕಿಲೋವ್ಯಾಟ್ ಮುಟ್ಟಿದಾಗ ಮೀಟರ್ ಹತ್ರ 252, ಇನ್ವರ್ಟರ್ ಹತ್ರ 255. ಟಪ್ ಅಂತ ರಿಲೇ ಸದ್ದು, ಕೆಂಪು ದೀಪ. ಅತ್ತೆ ಅಡುಗೆಮನೆಯಿಂದನೇ "ನಿಂತೋಯ್ತು ನೋಡು" ಅಂದ್ರು, ಆ ಸದ್ದು ಅವರಿಗೆ ಅಷ್ಟು ಅಭ್ಯಾಸ ಆಗಿಬಿಟ್ಟಿತ್ತು.

255 ಆದ್ರೆ ಯಾಕೆ ನಿಲ್ಬೇಕು ಅಂದ್ರೆ, ನಮ್ಮ ದೇಶದ ನಿಯಮದಲ್ಲಿ ಛಾವಣಿ ಸೋಲಾರ್ ಥರದ ಸಣ್ಣ ಉತ್ಪಾದಕರು ವೋಲ್ಟೇಜು ನಿಗದಿಗಿಂತ ನೂರಕ್ಕೆ ಹತ್ತು ಜಾಸ್ತಿ ಆದ್ರೆ ಎರಡು ಸೆಕೆಂಡಲ್ಲಿ ಕಳಚ್ಕೋಬೇಕು ಅಂತ ಐತೆ. 230ರ ಮೇಲೆ ಹತ್ತು ಪರ್ಸೆಂಟ್ ಅಂದ್ರೆ 253. ಇದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮ, ಇನ್ವರ್ಟರ್ ಅದನ್ನೇ ಪಾಲಿಸ್ತಿತ್ತು.

ಸರಿ, 244 ಇದ್ದದ್ದು 255 ಆಗಿದ್ದು ಹೆಂಗೆ? ಕೆರೆ ಏರಿಯಿಂದ ತೋಟಕ್ಕೆ ಕಾಲುವೇಲಿ ನೀರು ಬರ್ಬೇಕಂದ್ರೆ ಏರಿ ಕಡೆ ಎತ್ತರ, ತೋಟದ ಕಡೆ ತಗ್ಗು ಇರ್ಬೇಕು. ಅದೇ ಕಾಲುವೇಲಿ ತೋಟದಿಂದ ವಾಪಸ್ ಏರಿಗೆ ನೀರು ಕಳಿಸ್ಬೇಕಂದ್ರೆ ತೋಟದ ಕಡೆ ಮಟ್ಟ ಏರಿಸ್ಬೇಕು, ಕಾಲುವೆ ಕಿರಿದಾದಷ್ಟೂ ಜಾಸ್ತಿ ಏರಿಸ್ಬೇಕು. ವೈರೂ ಹಂಗೇ. ಸಣ್ಣ ವೈರಲ್ಲಿ 12 ಆಂಪ್ಸ್ ಹೊರಗೆ ದಬ್ಬಬೇಕು ಅಂದ್ರೆ ಇನ್ವರ್ಟರ್ ತನ್ನ ಕಡೆ ವೋಲ್ಟೇಜ್ ಏರಿಸಲೇಬೇಕು.

ಅಳತೆ ಓದೋದು ಹೆಂಗೆ

ಇನ್ವರ್ಟರ್‌ಗೂ ಮೀಟರ್‌ಗೂ ನಡುವೆ 2 ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಅದು ನಿಮ್ಮ ಮನೆ ಒಳಗಿನ ತಪ್ಪು, ಯಾರಿಗೂ ಅರ್ಜಿ ಕೊಡೋ ಮುಂಚೆ ಅದನ್ನ ಸರಿ ಮಾಡ್ಕೊಳ್ರಿ. ಮಾವನ ಮನೇಲಿ 3 ವೋಲ್ಟ್ ಇತ್ತು. ತಾರಸಿಯಿಂದ ಮೀಟರ್‌ವರೆಗೆ 20 ಮೀಟರ್, 4 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ಲು. ಹೋಗೋ ವೈರು ಬರೋ ವೈರು ಸೇರಿ 40 ಮೀಟರ್, ಕಿಲೋಮೀಟರ್‌ಗೆ ಸುಮಾರು 4.6 ಓಮ್ ಲೆಕ್ಕ ಹಾಕಿದ್ರೆ 12 ಆಂಪ್ಸ್‌ಗೆ 2.2 ವೋಲ್ಟ್ ಆಗ್ತೈತೆ. ಮಿಕ್ಕ ಮುಕ್ಕಾಲು ವೋಲ್ಟ್ ಎಲ್ಲಿ ಹೋಯ್ತು?

ಇನ್ವರ್ಟರಿಗೂ ಮೀಟರಿಗೂ ನಡುವೆ ಎಂಸಿಬಿ ಇರೋ ಏಸಿಡಿಬಿ ಡಬ್ಬ ಬಿಚ್ಚಿದೆ. ಎಂಸಿಬಿ ಕೆಳಗಿನ ಟರ್ಮಿನಲ್ ಹತ್ರ ವೈರಿನ ಸಿಪ್ಪೆ ಕಂದು ತಿರುಗಿ ಸುಟ್ಟ ಬೆಲ್ಲದ ಅಂಚಿನ ಥರ ಗಟ್ಟಿ ಆಗಿತ್ತು, ಬೆರಳಲ್ಲಿ ಅಲ್ಲಾಡಿಸಿದ್ರೆ ವೈರು ಅಲ್ಲಾಡ್ತಿತ್ತು. ಎಳೆ ಎಳೆ ಇರೋ ವೈರಿಗೆ ಲಗ್ (ಎಳೆಗಳನ್ನ ಒಟ್ಟಿಗೆ ಹಿಡಿಯೋ ಲೋಹದ ತುದಿ) ಹಾಕದೇ ಹಂಗೇ ತುರುಕಿದ್ರು, ಏಳೆಂಟು ಎಳೆ ಹೊರಗೇ ಉಳಿದಿದ್ವು. ದಿನಾ ಮಧ್ಯಾಹ್ನ 12 ಆಂಪ್ಸ್, ಬಿಸಿಲಿಗೆ ಡಬ್ಬನೇ ಕಾಯ್ತೈತೆ, ಸಂಜೆ ತಣ್ಣಗಾಗ್ತೈತೆ, ಹಿಂಗೆ ಬಿಸಿ ತಂಪು ಆಗಿ ಆಗಿ ಸ್ಕ್ರೂ ಸಡಿಲ ಆಗಿತ್ತು. ಇದು ವೋಲ್ಟೇಜಿನ ಮಾತಷ್ಟೇ ಅಲ್ಲ, ಇನ್ನೊಂದು ಬೇಸಿಗೆ ಬಿಟ್ಟಿದ್ರೆ ಬೆಂಕಿ ಹತ್ತೋದು. ದಯವಿಟ್ಟು ಸೋಲಾರ್ ಹಾಕಿಸಿದೋರೆಲ್ಲ ವರ್ಷಕ್ಕೊಂದು ಸಲ ಈ ಡಬ್ಬ ತೆಗೆಸಿ ಸ್ಕ್ರೂ ಬಿಗಿ ಮಾಡ್ಸಿ, ಇದೊಂದು ಮಾತು ನೆನಪಿಟ್ಕೊಂಡ್ರೂ ಸಾಕು. ಅಲ್ಲಿ ಹೊಸ ಎಂಸಿಬಿ, ಲಗ್ ಹಾಕಿ, ಕೇಬಲ್ 6 ಸ್ಕ್ವೇರ್‌ಗೆ ಬದಲಾಯಿಸಿದ್ವಿ, ವ್ಯತ್ಯಾಸ ಒಂದೂವರೆ ವೋಲ್ಟ್‌ಗೆ ಇಳೀತು.

ಎರಡನೇದು ಮೀಟರಿಂದ ಕಂಬದವರೆಗಿನ ಸರ್ವಿಸ್ ವೈರು. ಇದನ್ನ ನಾವು ಮುಟ್ಟಂಗಿಲ್ಲ, ಕಂಬ ಹತ್ತಂಗಿಲ್ಲ, ಲೈನ್‌ಮನ್ನೇ ಬರ್ಬೇಕು. ನಮ್ಮ ಕಡೆ ಲೈನ್‌ಮನ್ ಅಣ್ಣ ಒಳ್ಳೇ ಮನುಷ್ಯ, ಬಂದು ಕಂಬದ ಮೇಲೆ ಅಳೆದು ಹೇಳಿದ್ರು: ಮೀಟರ್ ಹತ್ರ 252 ಇದ್ದಾಗ ಕಂಬದ ಮೇಲೆ 246. ಬರೀ 30 ಮೀಟರ್ ವೈರಲ್ಲಿ 6 ವೋಲ್ಟ್! ವೈರು ನೋಡಿದ್ರೆ ಮನೆ ಕಟ್ಟಿದಾಗ ಎಳೆದ 4 ಸ್ಕ್ವೇರ್ ಅಲ್ಯೂಮಿನಿಯಂ. ಆಗ ಮನೇಲಿ ಇದ್ದದ್ದು ನಾಕು ಬಲ್ಬು, ಒಂದು ಟಿವಿ, ಅದಕ್ಕೆ ಧಾರಾಳ ಆಗಿತ್ತು. 4 ಸ್ಕ್ವೇರ್ ಅಲ್ಯೂಮಿನಿಯಂ ಕಿಲೋಮೀಟರ್‌ಗೆ ಹತ್ರಹತ್ರ 7.4 ಓಮ್, 60 ಮೀಟರ್‌ಗೆ 0.44 ಓಮ್, 12 ಆಂಪ್ಸ್‌ಗೆ ಐದೂಕಾಲು ವೋಲ್ಟ್, ಉಳಿದದ್ದು ಸರ್ವಿಸ್ ವೈರನ್ನ ಲೈನಿಗೆ ಸೇರಿಸೋ ತುಂಡು ವೈರು, ಕಂಬದ ಮೇಲೆ ಸುಮ್ಮನೆ ಸುತ್ತಿ ಬಿಟ್ಟಿದ್ದ ಜಂಪರ್‌ದು. 16 ಸ್ಕ್ವೇರ್ ಸರ್ವಿಸ್ ವೈರ್ ಎಳೆಸಿ ಜಂಪರ್‌ಗೆ ಸರಿಯಾದ ಕನೆಕ್ಟರ್ ಹಾಕಿಸಿದ ಮೇಲೆ ಅದೇ ದೂರಕ್ಕೆ ಒಂದೂವರೆ ವೋಲ್ಟ್ ಮಾತ್ರ. ಸೋಲಾರ್ ಹಾಕೋಕೆ ಮುಂಚೆ ಈ ಲೆಕ್ಕ ಯಾರೂ ಮಾಡಲ್ಲ, ಪ್ಯಾನೆಲ್ ಯಾವ ಕಂಪನಿ, ವಾರಂಟಿ ಎಷ್ಟು ವರ್ಷ ಅಂತ ಹತ್ತು ಸಲ ಕೇಳ್ತೀವಿ, ಸರ್ವಿಸ್ ವೈರ್ ಎಷ್ಟು ದಪ್ಪ ಅಂತ ಒಬ್ಬರೂ ಕೇಳಲ್ಲ, ಹಾಕೋರೂ ಹೇಳಲ್ಲ.

ಈ ಹಂತದಲ್ಲಿ ಒಂದು ಎಚ್ಚರಿಕೆ. ಮಿಕ್ಸಿ ಹಾಕಿದ್ರೆ, ಗೀಸರ್ ಹಾಕಿದ್ರೆ ವೋಲ್ಟೇಜು ಹತ್ತು ಹದಿನೈದು ವೋಲ್ಟ್ ಮೇಲಕ್ಕೋ ಕೆಳಕ್ಕೋ ಜಿಗಿದ್ರೆ, ಒಂದು ಮನೇಲಿ ಲೈಟು ಮಂಕಾದ್ರೆ ಇನ್ನೊಂದು ಮನೇಲಿ ಜಾಸ್ತಿ ಉರಿದ್ರೆ, ಅದು ಸೋಲಾರ್ ಕಾಯಿಲೆ ಅಲ್ಲ, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರು) ಲೂಸ್. ಆಗ ಅಳೆಯೋದು ಗಿಳಿಯೋದು ಬಿಟ್ಟು ಮೇನ್ ಆಫ್ ಮಾಡಿ ಮೊದಲು ಲೈನ್‌ಮನ್‌ಗೆ ಫೋನ್ ಮಾಡ್ರಿ. ಇಡೀ ಬೀದಿ ಫ್ರಿಜ್ಜು ಟಿವಿ ಸುಟ್ಟು ಹೋಗ್ತಾವೆ, ಮನುಷ್ಯರ ಜೀವಕ್ಕೂ ಅಪಾಯ.

ಹಿಟ್ಟಿನ ಗಿರಣಿ ಕೊಟ್ಟ ಸುಳಿವು

ವೈರು ಬದಲಾಯಿಸೋಕೆ ಮುಂಚೆ ಮಾವನಿಗೆ ಒಂದು ವಾರ ನೋಟ್‌ಬುಕ್‌ನಲ್ಲಿ ಬರೆಯೋಕೆ ಹೇಳಿದ್ದೆ, ಯಾವತ್ತು, ಎಷ್ಟು ಗಂಟೆಗೆ ಮೊದಲ ಟ್ರಿಪ್ಪು, ಸ್ಕ್ರೀನಲ್ಲಿ ಎಷ್ಟು ವೋಲ್ಟ್ ಅಂತ. ಆ ಪುಟ ಈಗಲೂ ನನ್ನ ಹತ್ರ ಐತೆ. ಸೋಮವಾರ ಹನ್ನೊಂದೂ ಮುಕ್ಕಾಲು, ಬುಧವಾರ ಹನ್ನೊಂದೂ ನಲವತ್ತು, ಗುರುವಾರ ಹನ್ನೊಂದೂ ಐವತ್ತು, ಮಂಗಳವಾರ ಮಾತ್ರ ಹತ್ತೂಕಾಲಿಗೇ. ಹಿಂದಿನ ವಾರದ ಹಿಸ್ಟರಿ ಆಪಲ್ಲಿ ತೆಗೆದ್ರೆ ಅಲ್ಲೂ ಮಂಗಳವಾರ ಹತ್ತೂ ಇಪ್ಪತ್ತು. ಬಿಸಿಲು ಮಂಗಳವಾರಕ್ಕೆ ಬೇರೆ ಇರ್ತೈತಾ?

ಅದೇ ಲೈನಲ್ಲಿ ನಾಕು ಕಂಬ ಆಚೆ ಹಿಟ್ಟಿನ ಗಿರಣಿ ಐತೆ, 10 ಎಚ್‌ಪಿ ಮೋಟರ್. ಬೆಳಿಗ್ಗೆ ಎಂಟಕ್ಕೆ ಶುರು, ಹನ್ನೊಂದೂವರೆಗೆ ಬಂದ್, ಮತ್ತೆ ಮೂರೂವರೆಗೆ ತೆಗೀತಾರೆ. ಮಂಗಳವಾರ ಪೂರ್ತಿ ರಜ. ಗಿರಣಿ ಓಡ್ತಿದ್ರೆ ಫೇಸಿಗೆ (ಲೈನಲ್ಲಿರೋ ಮೂರು ಕರೆಂಟ್ ವೈರಲ್ಲಿ ಒಂದೊಂದಕ್ಕೂ) 14 ಆಂಪ್ಸ್ ಎಳೀತೈತೆ, ಲೈನಲ್ಲಿ ಮೂರು ನಾಕು ವೋಲ್ಟ್ ಇಳೀತೈತೆ, ಮಾವನ ಇನ್ವರ್ಟರ್‌ಗೆ ಆ ಮೂರು ನಾಕು ವೋಲ್ಟೇ ಜಾಗ. ಗಿರಣಿ ನಿಂತ ಹತ್ತಿಪ್ಪತ್ತು ನಿಮಿಷಕ್ಕೆ ಇನ್ವರ್ಟರ್ ನಿಲ್ತಿತ್ತು. ಯುಗಾದಿ ಹತ್ರ ಬಂದಾಗ ಗಿರಣಿ ಮಧ್ಯಾಹ್ನನೂ ನಿಲ್ಲದೇ ಓಡ್ತು, ಆ ನಾಕು ದಿನ ಒಂದು ಟ್ರಿಪ್ಪೂ ಇಲ್ಲ, ಹನ್ನೆರಡೂವರೆ ಯೂನಿಟ್ ಬಂತು!

ಇದು ನನಗೆ ಬಹಳ ಮುಖ್ಯ ಅನ್ಸಿದ ವಿಷಯ. ತಾರಸಿ ಮೇಲೆ ಹುಟ್ಟೋ ಕರೆಂಟನ್ನ ಹತ್ತಿರದಲ್ಲೇ ಯಾರಾದ್ರೂ ತಿಂದ್ರೆ ಯಾವ ಸಮಸ್ಯೆನೂ ಇಲ್ಲ. ತಿನ್ನೋರು ಇಲ್ಲದಾಗ ಅದು ಟಿಸಿ (ಬೀದಿ ಟ್ರಾನ್ಸ್‌ಫಾರ್ಮರ್) ಕಡೆ ಹಿಂದಕ್ಕೆ ಹರೀಬೇಕು, ನಮ್ಮ ಲೈನುಗಳನ್ನ ಯಾವತ್ತೂ ಆ ದಿಕ್ಕಿಗೆ ಅಂತ ಕಟ್ಟಿಲ್ಲ.

ಟಿಸಿ ವಿಷಯನೇ ತಗೊಳ್ರಿ. ನಮ್ಮ ಬೀದಿ ಟಿಸಿಗಳ ನೇಮ್‌ಪ್ಲೇಟ್ ಮೇಲೆ 11,000 ವೋಲ್ಟಿಂದ 433 ವೋಲ್ಟಿಗೆ ಅಂತ ಬರೆದಿರ್ತೈತೆ. 433ನ ಒಂದು ಫೇಸಿಗೆ ಲೆಕ್ಕ ಹಾಕಿದ್ರೆ 250 ವೋಲ್ಟು. ಯಾಕೆ ಅಷ್ಟು ಜಾಸ್ತಿ ಇಟ್ರು ಅಂದ್ರೆ, ಲೋಡ್ ಬಿದ್ದಾಗ ಟಿಸಿ ಒಳಗೂ ಸ್ವಲ್ಪ ಇಳೀತೈತೆ, ದಾರಿಲೂ ಇಳೀತೈತೆ, ಕೊನೇ ಮನೆಗೂ 220 ಆದ್ರೂ ಮುಟ್ಲಿ ಅಂತ. ಆ ಕಾಲಕ್ಕೆ ಬುದ್ಧಿವಂತಿಕೆ ಕೆಲಸನೇ ಅದು. ಈಗ ಮಧ್ಯಾಹ್ನದ ಹೊತ್ತಲ್ಲಿ ಲೋಡೇ ಇಲ್ಲ, ಇಳಿಯೋದು ಬಿಟ್ಟು ದಾರಿಲಿ ಏರ್ತೈತೆ, 250ಕ್ಕೂ 253ಕ್ಕೂ ನಡುವೆ ಮೂರೇ ವೋಲ್ಟ್ ಜಾಗ ಉಳಿದಿರ್ತೈತೆ. ದೊಡ್ಡ ಟಿಸಿಗಳಲ್ಲಿ ವೋಲ್ಟೇಜ್ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸೋ ಟ್ಯಾಪ್ ಇರ್ತೈತೆ, ಲೈನ್ ಆಫ್ ಮಾಡಿ ಒಂದು ಮೆಟ್ಟಿಲು ಇಳಿಸಿದ್ರೆ ಐದಾರು ವೋಲ್ಟ್ ಕಮ್ಮಿ ಮಾಡಬಹುದು, ಆದ್ರೆ ಹಂಗೆ ಇಳಿಸಿದ್ರೆ ಸಂಜೆ ಏಳಕ್ಕೆ ಎಲ್ಲರೂ ಲೈಟು ಟಿವಿ ಮೋಟರ್ ಹಾಕಿದಾಗ ಕೊನೇ ಮನೇಲಿ ಫ್ಯಾನೇ ತಿರುಗಲ್ಲ. ಹಳ್ಳಿಲಿರೋ ಸಣ್ಣ ಟಿಸಿಗಳಲ್ಲಿ ಎಷ್ಟೋ ಕಡೆ ಟ್ಯಾಪೇ ಇರಲ್ಲ. ಮಧ್ಯಾಹ್ನಕ್ಕೊಂದು, ಸಂಜೆಗೊಂದು ಟ್ಯಾಪ್ ಬೇಕು, ತಾನೇ ಬದಲಾಗೋ ಅಂಥ ಟಿಸಿ ನಮ್ಮ ಬೀದಿಲಿ ಇಲ್ಲ.

ಲಿಮಿಟ್ ಏರಿಸ್ತೀನಿ ಅಂದ್ರೆ ಬೇಡ ಅನ್ರಿ

ಸೋಲಾರ್ ಹಾಕಿದ ಹುಡುಗರು ಮಾವನಿಗೆ ಮೊದಲು ಹೇಳಿದ್ದು ಇದನ್ನೇ, ಸೆಟ್ಟಿಂಗಲ್ಲಿ 253 ಇರೋದನ್ನ 270 ಮಾಡ್ತೀವಿ, ಐದು ನಿಮಿಷದ ಕೆಲಸ ಅಂತ. ಮಾಡಿದ್ರೆ ಟ್ರಿಪ್ ಆಗೋದು ನಿಲ್ತೈತೆ ನಿಜ. ಆದ್ರೆ 253 ದಾಟಿದ ಆ ವೋಲ್ಟೇಜು ಮಾವನ ಮನೆ ಫ್ರಿಜ್ಜಿಗೂ ಹೋಗ್ತೈತೆ, ಅದೇ ಕಂಬದ ಪಕ್ಕದ ಮನೆಗೂ ವೋಲ್ಟೇಜ್ ಏರ್ತೈತೆ, ಅವರ ಎಲ್‌ಇಡಿ ಬಲ್ಬು ತಿಂಗಳಿಗೊಂದು ಹೋಗೋಕೆ ಶುರು ಆಗ್ತೈತೆ, ಅವರಿಗೆ ಯಾಕೆ ಅಂತನೂ ಗೊತ್ತಾಗಲ್ಲ. ಕಾಯಿಲೆ ನಮ್ಮನೆಯಿಂದ ತೆಗೆದು ಪಕ್ಕದೋರ ಮನೆಗೆ ಹಾಕಿದಂಗೆ. ನಿಯಮಕ್ಕೂ ವಿರುದ್ಧ. ಮಾವ ಬೇಡ ಅಂದ್ರು.

ಮುಟ್ಟಬಹುದಾದ ಸೆಟ್ಟಿಂಗ್ ಬೇರೆ ಐತೆ. ಈಗಿನ ಎಷ್ಟೋ ಇನ್ವರ್ಟರ್‌ಗಳಲ್ಲಿ ವೋಲ್ಟ್-ವ್ಯಾಟ್ ಅಂತ ಒಂದು ಇರ್ತೈತೆ, ವೋಲ್ಟೇಜ್ 249, 250 ದಾಟಿದ ಮೇಲೆ ಪೂರ್ತಿ ನಿಲ್ಲೋ ಬದಲು ಪವರನ್ನ ನಿಧಾನಕ್ಕೆ ಇಳಿಸ್ತೈತೆ. ಮೂರು ಕಿಲೋವ್ಯಾಟ್ ಬದಲು ಎರಡೂವರೆ ಓಡ್ತೈತೆ, ಸೊನ್ನೆ ಆಗೋದಕ್ಕಿಂತ ಎಷ್ಟೋ ವಾಸಿ. ರಿಯಾಕ್ಟಿವ್ ಪವರ್ (ಕೆಲಸ ಮಾಡದೇ ಲೈನಲ್ಲಿ ಹೋಗಿ ಬರೋ ಪವರ್) ಎಳ್ಕೊಂಡು ವೋಲ್ಟೇಜ್ ತಗ್ಗಿಸೋ ಸೆಟ್ಟಿಂಗೂ ಐತೆ, ಅದರಿಂದ ದೊಡ್ಡ ಲೈನಲ್ಲಿ ಒಳ್ಳೇ ಉಪಯೋಗ, ನಮ್ಮ ಹಳ್ಳಿ ಸಣ್ಣ ವೈರಲ್ಲಿ ರೆಸಿಸ್ಟೆನ್ಸೇ ಜಾಸ್ತಿ ಇರೋದ್ರಿಂದ ಒಂದು ವೋಲ್ಟ್ ಸಿಕ್ಕಿದ್ರೆ ಹೆಚ್ಚು. ಎರಡನ್ನೂ ಹಾಕಿದ ಕಂಪನಿಯೋರ ಕೈಲೇ ಬರೆಸ್ಕೊಂಡು ಮಾಡಿಸ್ರಿ, ಪಾಸ್‌ವರ್ಡ್ ಹುಡುಕಿ ನೀವೇ ಒಳಗೆ ಹೋಗ್ಬೇಡ್ರಿ.

ದುಡ್ಡೇ ಖರ್ಚಿಲ್ಲದ ಉಪಾಯ ಇನ್ನೊಂದು. ಮನೇಲಿ ಮಧ್ಯಾಹ್ನಕ್ಕೆ ಕೆಲಸ ಇಟ್ಕೊಳ್ರಿ. ಅತ್ತೆ ಮೊದಲು ಬೆಳಿಗ್ಗೆ ಆರಕ್ಕೇ ಸಂಪಿನ ಮೋಟರ್ ಹಾಕಿ ಟ್ಯಾಂಕ್ ತುಂಬಿಸ್ತಿದ್ರು, ವಾಷಿಂಗ್ ಮೆಷಿನ್ನೂ ಆಗಲೇ. ಈಗ ಎರಡೂ ಹನ್ನೆರಡಕ್ಕೆ. 1 ಎಚ್‌ಪಿ ಮೋಟರ್ ಐದು ಆಂಪ್ಸ್ ತಿಂದ್ರೆ ಹೊರಗೆ ಹೋಗೋದು 12 ಇದ್ದದ್ದು 7 ಆಗ್ತೈತೆ, ಏರಿಕೆ ನೂರಕ್ಕೆ ಸುಮಾರು ನಲವತ್ತರಷ್ಟು ಇಳೀತೈತೆ. ಒಂದು ಟೈಮರ್ ಹಾಕಿದ್ರೆ ನೆನಪಿಟ್ಕೊಳ್ಳೋ ಕೆಲಸನೂ ಇಲ್ಲ.

ಇದೇ ಕಾಯಿಲೆ ದೊಡ್ಡ ಗ್ರಿಡ್‌ಗೆ ಬಂದ್ರೆ

ಪೂರ್ತಿ ಸೋಲಾರು ಗಾಳಿ ಮೇಲೇ ದೇಶ ನಡೆಸ್ಬೇಕು ಅನ್ನೋ ಮಾತು ಬಂದಾಗೆಲ್ಲ ನನಗೆ ಮಾವನ ಮನೆ ಸರ್ವಿಸ್ ವೈರು ನೆನಪಾಗ್ತೈತೆ. ಆಗ್ಬೇಕು, ಆಗ್ಲೇಬೇಕು ಅನ್ನೋನು ನಾನು, ನಮ್ಮ ಚಿತ್ರದುರ್ಗ ಬಿಸಿಲು ಗಾಳಿ ಎರಡೂ ಇರೋ ಜಿಲ್ಲೆ, ಇಷ್ಟು ವರ್ಷ ಬರಗಾಲ ಅಂತ ಬೈಸ್ಕೊಂಡ ನೆಲಕ್ಕೆ ಈಗ ಬೆಲೆ ಬಂದೈತೆ. ಚಳ್ಳಕೆರೆ ಹಿರಿಯೂರಿನ ಗಡಿ ಆಚೆ ಪಾವಗಡದಲ್ಲಿ ಸುಮಾರು 13,000 ಎಕರೆಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನಿಂತೈತೆ. ಅಲ್ಲಿನ ಸಮಸ್ಯೆಯೂ ಮಾವನ ತಾರಸಿದೇ, ಅಳತೆ ದೊಡ್ಡದು ಅಷ್ಟೇ: ಮಧ್ಯಾಹ್ನ ತಿನ್ನೋರಿಗಿಂತ ಜಾಸ್ತಿ ಹುಟ್ತೈತೆ, ಸಂಜೆ ಆರೂವರೆಗೆ ಎಲ್ಲರೂ ಸ್ವಿಚ್ ಹಾಕೋ ಹೊತ್ತಿಗೆ ಸೊನ್ನೆ. ಕಲ್ಲಿದ್ದಲು ಘಟಕನ ಮಧ್ಯಾಹ್ನ ಆಫ್ ಮಾಡಿ ಸಂಜೆ ಆನ್ ಮಾಡೋಕೆ ಆಗಲ್ಲ, ನೂರಕ್ಕೆ 55ಕ್ಕಿಂತ ಕೆಳಗೆ ಇಳಿಸೋದೇ ಅವಕ್ಕೆ ಕಷ್ಟ. ಸರಸರ ಏರಿಸಿ ಇಳಿಸೋಕೆ ನಮಗಿರೋ ಆಸರೆ ಶರಾವತಿ ಥರದ ಜಲವಿದ್ಯುತ್ತು, 1,035 ಮೆಗಾವ್ಯಾಟಿನ ಆ ಹಳೇ ಸ್ಟೇಷನ್ನೇ ಈಗ ಸೋಲಾರಿಗೆ ಊರುಗೋಲು. ಗಾಳಿ ಆಷಾಢದಲ್ಲಿ ಜೋರು, ಆಗ ಮೋಡ ಇರೋದ್ರಿಂದ ಸೋಲಾರ್ ಕಮ್ಮಿ, ಒಂದಕ್ಕೊಂದು ಹೊಂದ್ಕೊಂಡು ಹೋಗ್ತಾವೆ ನಿಜ, ಆದ್ರೆ ಮಾಘ ಫಾಲ್ಗುಣದಲ್ಲಿ ಗಾಳಿ ಇಲ್ಲ, ಸಂಜೆ ಸೂರ್ಯನೂ ಇಲ್ಲ, ತೋಟದ ಪಂಪುಗಳು ಮಾತ್ರ ಅವಾಗಲೇ ಜೋರು.

ವೋಲ್ಟೇಜ್ ಏರೋದು ಬರೀ ಬೀದಿ ಕಾಯಿಲೆ ಅಂದ್ಕೋಬೇಡ್ರಿ. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್ ಟೈಮ್ ಹನ್ನೆರಡೂವರೆ ಸುಮಾರಿಗೆ ಸ್ಪೇನ್, ಪೋರ್ಚುಗಲ್ ಎರಡು ದೇಶ, ದ್ವೀಪಗಳು ಬಿಟ್ರೆ, ಪೂರ್ತಿ ಕರೆಂಟ್ ಇಲ್ಲದಂಗಾದ್ವು. ಆಮೇಲೆ ಸ್ಪೇನ್ ಸರ್ಕಾರದ ವರದಿ ಹೇಳಿದ್ದು ವೋಲ್ಟೇಜ್ ಹತೋಟಿ ತಪ್ಪಿ ಏರ್ತು, ಏರಿದ್ದಕ್ಕೆ ಸ್ಟೇಷನ್‌ಗಳು ಒಂದಾದ ಮೇಲೆ ಒಂದು ಕಳಚ್ಕೊಂಡ್ವು ಅಂತ. ಸೋಲಾರೇ ಕಾರಣ ಅಂತ ಬೈದೋರು ಬಹಳ ಜನ, ಆದ್ರೆ ವರದಿ ಬೆಟ್ಟು ಮಾಡಿದ್ದು ವೋಲ್ಟೇಜ್ ಹಿಡಿಯೋ ಜವಾಬ್ದಾರಿ ಇದ್ದ ಯಂತ್ರಗಳು ಸಾಲದೇ ಬಂದದ್ದನ್ನ, ಇದ್ದವೂ ಕೆಲಸ ಸರಿಯಾಗಿ ಮಾಡದೇ ಇದ್ದದ್ದನ್ನ. ಹರಿಹರದ ಹತ್ರ ಗುತ್ತೂರು, ಈ ಕಡೆ ಹಿರಿಯೂರು, ಇಂಥ 400 ಕೆವಿ ಸ್ಟೇಷನ್‌ಗಳ ಮೇಲೆ ಬೀಳೋ ಕೆಲಸ ಅದೇ. ಲೋಡು ಕಮ್ಮಿ ಇರೋವಾಗ ಉದ್ದ ಲೈನುಗಳಲ್ಲಿ ವೋಲ್ಟೇಜ್ ತಾನೇ ಏರ್ತೈತೆ, ಅದನ್ನ ಹೀರ್ಕೊಳ್ಳೋಕೆ ದೊಡ್ಡ ಸ್ಟೇಷನ್‌ಗಳಲ್ಲಿ ರಿಯಾಕ್ಟರ್ (ದೊಡ್ಡ ತಂತಿ ಸುರುಳಿ, ಅಣು ಸ್ಥಾವರದ್ದಲ್ಲ) ಇಡ್ತಾರೆ. ಪ್ಯಾನೆಲ್ ಎಷ್ಟು ಹಾಕಿದ್ವಿ ಅನ್ನೋ ಲೆಕ್ಕ ಪೇಪರಲ್ಲಿ ಬರ್ತೈತೆ, ರಿಯಾಕ್ಟರ್ ಎಷ್ಟು, ಬ್ಯಾಟರಿ ಎಷ್ಟು, ವೈರ್ ಎಷ್ಟು ದಪ್ಪ ಮಾಡಿದ್ವಿ ಅನ್ನೋದೂ ಬರ್ಬೇಕು.

ನಮ್ಮ ಕಡೆಗೆ ಹೊಂದೋ ಪರಿಹಾರ ಒಂದು ಕಣ್ಣ ಮುಂದೇ ಐತೆ, ಪಂಪ್‌ಸೆಟ್ಟು. ರೈತರು ಎಷ್ಟು ವರ್ಷ ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂತು ಅಂತ ಟಾರ್ಚ್ ಹಿಡ್ಕೊಂಡು, ಹಾವು ಚೇಳಿನ ಭಯದಲ್ಲಿ ತೋಟಕ್ಕೆ ಹೋಗಿದಾರೆ. ಆ ಏಳು ಗಂಟೆ ತ್ರೀ ಫೇಸನ್ನ ಹಗಲಿಗೆ ತಂದ್ರೆ ರೈತನಿಗೆ ನಿದ್ದೆ, ಗ್ರಿಡ್‌ಗೆ ಮಧ್ಯಾಹ್ನದ ಲೋಡು. ರೈತರ ಪಂಪಿಗೆ ಸೋಲಾರ್ ಕೊಡೋ ಕೇಂದ್ರದ ಕುಸುಮ್ ಯೋಜನೇಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಅಲ್ಲಿಂದ ಹೊರಡೋ ಲೈನಿನ (ಫೀಡರ್) ಪಂಪುಗಳಿಗೇ ಕೊಡೋದು ಅದಕ್ಕೇ ನನಗೆ ಇಷ್ಟ, ಹಿಟ್ಟಿನ ಗಿರಣಿ ಮಾವನ ಇನ್ವರ್ಟರ್‌ಗೆ ಮಾಡಿದ ಉಪಕಾರನೇ ಅದು.

ಮಾವನ ಮನೆ ಈಗ

ಎಂಸಿಬಿ, ಕೇಬಲ್ಲು, ಸರ್ವಿಸ್ ವೈರು ಮೂರೂ ಆದ ಮೇಲೆ ಗಿರಣಿ ನಿಂತಿರೋ ಮಧ್ಯಾಹ್ನ ಪೂರ್ತಿ ಪವರಲ್ಲಿ ಇನ್ವರ್ಟರ್ ಹತ್ರ 249, 250. ಟ್ರಿಪ್ ಇಲ್ಲ. ಆದ್ರೂ ಪೂರ್ತಿ ವಾಸಿ ಅಂತ ಹೇಳಂಗಿಲ್ಲ. ಮಳೆ ಬಂದ ಮಾರನೇ ದಿನ ನೋಡ್ರಿ, ಊರಿನ ಪಂಪೆಲ್ಲ ಬಂದ್, ಆಕಾಶ ತಿಳಿ, ಪ್ಯಾನೆಲ್ ತೊಳೆದಂಗೆ ಸ್ವಚ್ಛ, ಗಾಳಿ ತಂಪು, ವರ್ಷದಲ್ಲೇ ಅತಿ ಜಾಸ್ತಿ ಉತ್ಪಾದನೆ ಅತಿ ಕಮ್ಮಿ ಲೋಡು ಒಂದೇ ದಿನ ಬರ್ತೈತೆ. ಅವತ್ತು 252 ಮುಟ್ಟಿ ವೋಲ್ಟ್-ವ್ಯಾಟ್ ಕೆಲಸಕ್ಕೆ ಬರ್ತೈತೆ. ಪರೀಕ್ಷೆ ಮಾಡೋದಿದ್ರೆ ಅಂಥ ದಿನನೇ ಮಾಡ್ರಿ.

ಆಮೇಲೆ ಗೊತ್ತಾಗಿದ್ದು, ಬೀದಿಲಿ ಸೋಲಾರ್ ಇರೋ ಮೂರು ಮನೆನೂ ಒಂದೇ ಫೇಸಲ್ಲಿ ಇದ್ವು, ಪಕ್ಕದ ಫೇಸಲ್ಲಿ ಒಂದೂ ಇರ್ಲಿಲ್ಲ. ಲೈನ್‌ಮನ್ ಅಣ್ಣನಿಗೆ ಹೇಳಿ ಮಾವನ ಮನೆನ ಖಾಲಿ ಇದ್ದ ಫೇಸಿಗೆ ಹಾಕಿಸಿದ್ವಿ, ಇನ್ನೊಂದೂವರೆ ವೋಲ್ಟ್ ಸಿಕ್ತು.

ನೀವು ಸೆಕ್ಷನ್ ಆಫೀಸಿಗೆ ಅರ್ಜಿ ಬರೆಯೋದಾದ್ರೆ "ಸೋಲಾರ್ ಸರಿ ಇಲ್ಲ" ಅಂತ ಬರೀಬೇಡ್ರಿ, ಅದು ಹಾಕಿದೋರ ಹತ್ರ ಹೋಗಿ ಅಂತ ವಾಪಸ್ ಬರ್ತೈತೆ. ಕಂಬದ ಮೇಲೆ ಬಣ್ಣದಲ್ಲಿ ಬರೆದ ಟಿಸಿ ನಂಬರ್, ನಿಮ್ಮ ಆರ್‌ಆರ್ ನಂಬರ್, ಒಂದು ವಾರದ ದಿನಾಂಕ ಟೈಮು ವೋಲ್ಟೇಜು, ಇನ್ವರ್ಟರ್ ಆಫ್ ಇದ್ದಾಗ ಎಷ್ಟು ಆನ್ ಇದ್ದಾಗ ಎಷ್ಟು, ನಿಮ್ಮ ಕಡೆ ಕೇಬಲ್ ಸರಿ ಮಾಡಿಸಿದ ಬಿಲ್ಲಿನ ಜೆರಾಕ್ಸು, ಇಷ್ಟು ಹಾಕಿ "ಮಧ್ಯಾಹ್ನ ಓವರ್ ವೋಲ್ಟೇಜ್ ಬರ್ತಿದೆ, ಜಂಪರ್, ಫೇಸ್ ಬ್ಯಾಲೆನ್ಸ್ ಮತ್ತು ಟಿಸಿ ಟ್ಯಾಪ್ ಪರಿಶೀಲಿಸಿ" ಅಂತ ಬರೀರಿ, ಸೀಲ್ ಹಾಕಿದ ಸ್ವೀಕೃತಿ ಇಸ್ಕೊಳ್ರಿ. ನಮ್ಮ ಬೀದಿಲಿ ಇನ್ನೂ ಎರಡು ಮನೆಯೋರು ಸೋಲಾರ್‌ಗೆ ಹೆಸರು ಕೊಟ್ಟಿದಾರೆ, ಅವರ ಪ್ಯಾನೆಲ್ ಬರೋಕೆ ಮುಂಚೆನೇ ಸರ್ವಿಸ್ ವೈರ್ ಅಳತೆ ತಗೊಂಡು ಬಂದಿದೀನಿ, ಎರಡೂ 4 ಸ್ಕ್ವೇರ್ ಅಲ್ಯೂಮಿನಿಯಮ್ಮೇ.